ಮಹಾದೇವಿಯಕ್ಕನ ಉಡುಗೆಯ ಪ್ರಶ್ನೆ: ಮೂರು ಕಥನಗಳ ಪರಿಶೀಲನೆ

ಮಧ್ಯಕಾಲೀನ ಕನ್ನಡ ಸಾಹಿತ್ಯದಲ್ಲಿ ಉಡುಗೆಯ ವಿಚಾರ ಪ್ರಸ್ತಾಪವಾದಾಗಲೆಲ್ಲ ಮಹಾದೇವಿಯಕ್ಕನ ಹೆಸರು ಮೊದಲು ಬರುತ್ತದೆ. ಆ ಹೆಸರು ಬಂದೊಡನೆಯೇ ಚರ್ಚೆ ಮುಗಿದುಹೋಗುತ್ತದೆ ಎಂಬುದೂ ನಮ್ಮ ಅನುಭವ. ಒಂದು ಪಕ್ಷದವರಿಗೆ ಆಕೆ ವಸ್ತ್ರವನ್ನು ಕಿತ್ತೆಸೆದು ಪುರುಷಲೋಕವನ್ನು ಧಿಕ್ಕರಿಸಿದ ಬಂಡಾಯಗಾರ್ತಿ. ಇನ್ನೊಂದು ಪಕ್ಷದವರಿಗೆ ನೀಳವಾದ ಕೇಶರಾಶಿಯಿಂದ ಮೈಮುಚ್ಚಿಕೊಂಡ, ಅಥವಾ ಕ್ಯಾಲೆಂಡರುಗಳಲ್ಲಿ ಕಾಣುವಂತೆ ಬಿಳಿಯ ಸೀರೆಯುಟ್ಟು ಅಂಗೈಯ ಲಿಂಗವನ್ನು ನೋಡುತ್ತಿರುವ ಪರಮಸಾಧ್ವಿ. ಈ ಎರಡು ಚಿತ್ರಗಳ ನಡುವೆ ಒಂದು ಸಾಹಿತ್ಯಕ ಪ್ರಸಂಗವಿದೆ; ಅದಕ್ಕೆ ಕನಿಷ್ಠ ಮೂರು ಮುಖ್ಯ ಕಥನರೂಪಗಳಿವೆ; ಆ ಮೂರೂ ಒಂದನ್ನೊಂದು ಒಪ್ಪುವುದಿಲ್ಲ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಕ್ಕನನ್ನು ಸಾಕ್ಷಿಯಾಗಿ ಕರೆಯುವುದು ವಿಮರ್ಶೆಯಲ್ಲಿ ರೂಢಿಯಾಗಿಬಿಟ್ಟಿದೆ.

೨೦೨೨ರಲ್ಲಿ ಕರ್ನಾಟಕದ ಕಾಲೇಜುಗಳ ಹಿಜಾಬ್ ವಿವಾದ ನ್ಯಾಯಾಲಯಗಳನ್ನು ಮುಟ್ಟಿದಾಗ ಹೊರನಾಡಿನ ನಮ್ಮ ತರಗತಿಗಳಲ್ಲಿಯೂ ಅಕ್ಕನ ಪ್ರಸ್ತಾಪ ಬಂದಿತು. ಕೇಳಿದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಬಲ್ಲವರಲ್ಲ. ಅವರು ಅಕ್ಕನನ್ನು ಓದಿದ್ದು ಎ. ಕೆ. ರಾಮಾನುಜನ್ ಅವರ ೧೯೭೩ರ 'ಸ್ಪೀಕಿಂಗ್ ಆಫ್ ಶಿವ' ಎಂಬ ಅನುವಾದ ಸಂಕಲನದಲ್ಲಿ. ಅವರ ಪ್ರಶ್ನೆ ನೇರವಾಗಿತ್ತು: ಬಟ್ಟೆ ಬಿಟ್ಟವಳ ಸ್ವಾತಂತ್ರ್ಯವನ್ನು ಕೊಂಡಾಡುವ ಸಾಹಿತ್ಯವು ಬಟ್ಟೆ ಹೊದ್ದವಳ ಸ್ವಾತಂತ್ರ್ಯದ ಬಗೆಗೆ ಏನನ್ನಾದರೂ ಹೇಳಬಲ್ಲುದೆ? ಈ ಪ್ರಶ್ನೆಗೆ ಸಿದ್ಧ ಉತ್ತರ ಕೊಡುವ ಬದಲು ಮೂಲ ಪ್ರಸಂಗವನ್ನೇ ಮತ್ತೊಮ್ಮೆ ಓದುವುದು ಒಳಿತೆಂದು ನಮಗೆ ತೋರಿತು. ಪ್ರಸ್ತುತ ಲೇಖನ ಅಂಥ ಒಂದು ಓದು.

ಮೊದಲಿಗೆ ಒಂದೆರಡು ಪದಗಳ ವಿಚಾರ. ಇಂದಿನ ಕನ್ನಡದಲ್ಲಿ 'ಸೀರೆ' ಹೆಂಗಸಿನ ಉಡುಗೆ. ಹಳಗನ್ನಡದಲ್ಲಿ ಅದು ಬಟ್ಟೆ ಎಂಬ ವಿಶಾಲವಾದ ಅರ್ಥದಲ್ಲಿಯೂ ಸಲ್ಲುತ್ತಿತ್ತು. ಗಂಡಸರ ವಸ್ತ್ರವನ್ನೂ ಆ ಪದದಿಂದ ಹೇಳಲು ಅಡ್ಡಿಯಿರಲಿಲ್ಲ. ಆದುದರಿಂದ ಹಳೆಯ ಪಠ್ಯಗಳಲ್ಲಿ ಅಕ್ಕ ಸೀರೆಯನ್ನು ಬಿಟ್ಟಳೆಂದು ಓದುವಾಗ, ಆಕೆ ಹೆಣ್ಣಿನ ಉಡುಗೆಯನ್ನು ಬಿಟ್ಟಳೆನ್ನುವುದಕ್ಕಿಂತ ಉಡುಗೆಯನ್ನೇ ಬಿಟ್ಟಳೆಂದು ತಿಳಿಯುವುದು ಸರಿಯಾದೀತು. 'ಮಾನ' ಎಂಬುದು ಇದಕ್ಕಿಂತ ತೊಡಕಿನ ಪದ. ಅದಕ್ಕೆ ಅಳತೆ ಎಂಬ ಅರ್ಥವಿದೆ, ಗೌರವ ಎಂಬ ಅರ್ಥವಿದೆ, ಮುಚ್ಚಿಡಬೇಕಾದ ಅಂಗವೆಂಬ ಅರ್ಥವೂ ಇದೆ. ಮಾನ ಮುಚ್ಚಿಕೊಳ್ಳುವುದು, ಮಾನ ಹೋಗುವುದು, ಮಾನ ಕಳೆಯುವುದು ಈ ಮೂರು ನುಡಿಗಟ್ಟುಗಳನ್ನು ಒಟ್ಟಿಗಿಟ್ಟು ನೋಡಿದರೆ, ಮೈಯ ಮೇಲಿನ ಬಟ್ಟೆಯೂ ಮನೆತನದ ಹೆಸರೂ ಒಂದೇ ಪದದಲ್ಲಿ ಹೇಗೆ ಹೆಣೆದುಕೊಂಡಿವೆ ಎಂಬುದು ತಿಳಿಯುತ್ತದೆ. ಕಳೆಯುವವನು ಯಾವನೇ ಆಗಲಿ, ಕಳೆದುಕೊಳ್ಳುವವಳು ಮಾತ್ರ ಹೆಣ್ಣು. ಇನ್ನು 'ಆಯ್ಕೆ' ಎಂದು ನಾವು ಇಂದು ಬಳಸುವ ಪದಕ್ಕೆ ಇರುವ ವ್ಯಕ್ತಿಸ್ವಾತಂತ್ರ್ಯದ ಅರ್ಥ ವಚನಗಳ ಕಾಲದ್ದಲ್ಲ. ಅಲ್ಲಿ ಅದರ ಸ್ಥಾನದಲ್ಲಿ ನಿಲ್ಲುವ ಮಾತುಗಳು ಒಲವು, ಮೆಚ್ಚುಗೆ, ಇಚ್ಛೆ. ಒಲಿಯುವುದು ಹಲವು ಸರಕುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಕ್ರಿಯೆಯಲ್ಲ. ಒಲಿದವಳಿಗೆ ಬೇರೆ ದಾರಿಯೇ ಉಳಿದಿರುವುದಿಲ್ಲ. ಈ ವ್ಯತ್ಯಾಸವನ್ನು ಮುಂದೆ ಮರೆಯಬಾರದು.

ಅಕ್ಕನ ಕಾಲಕ್ಕಿಂತ ಮೊದಲೇ ಕನ್ನಡ ನಾಡಿನಲ್ಲಿ ಬತ್ತಲೆಯ ತತ್ತ್ವಚರ್ಚೆ ನಡೆದಿತ್ತು. ಶ್ರವಣಬೆಳಗೊಳದ ಗೊಮ್ಮಟ ಹತ್ತನೆಯ ಶತಮಾನದ ಕೊನೆಯಿಂದ ಅಲ್ಲಿ ನಿಂತಿದ್ದಾನೆ. ಅವನ ನಗ್ನತೆಯ ಕಾರಣವನ್ನು ಯಾರೂ ಅವನಿಂದ ಕೇಳಲಿಲ್ಲ. ಹೆಣ್ಣಿನ ವಿಷಯದಲ್ಲಿ ಮಾತು ಬೇರೆಯಾಯಿತು. ದಿಗಂಬರ ಪಂಥದ ನಿಲುವಿನಂತೆ ಮೋಕ್ಷಕ್ಕೆ ಪೂರ್ಣ ಅಪರಿಗ್ರಹ ಬೇಕು. ವಸ್ತ್ರವೂ ಒಂದು ಪರಿಗ್ರಹ. ಸ್ತ್ರೀಯು ವಸ್ತ್ರವನ್ನು ಬಿಡಲಾಗದು. ಆದುದರಿಂದ ಆ ಜನ್ಮದಲ್ಲಿ ಆಕೆಗೆ ಮೋಕ್ಷವಿಲ್ಲ. ಕರ್ನಾಟಕದಲ್ಲಿ ಬಲವಾಗಿ ನೆಲೆಸಿದ್ದ ಯಾಪನೀಯ ಸಂಘದವರು ಈ ತೀರ್ಮಾನವನ್ನು ಒಪ್ಪಲಿಲ್ಲ. ಅವರ ಮುನಿಗಳೂ ದಿಗಂಬರರಂತೆ ನಗ್ನರೇ. ಆದರೂ ಸ್ತ್ರೀಗೆ ಮೋಕ್ಷವುಂಟೆಂದು ಅವರು ವಾದಿಸಿದರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ವೈಯಾಕರಣ ಶಾಕಟಾಯನನು 'ಸ್ತ್ರೀನಿರ್ವಾಣಪ್ರಕರಣ'ವನ್ನು ರಚಿಸಿದ್ದು ಈ ವಾದಕ್ಕಾಗಿಯೇ. ತುಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು ೧೯೯೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪಠ್ಯಗಳ ಸರಣಿಯನ್ನು ಅನುವಾದಿಸಿ ಒಟ್ಟಿಗೆ ಕೊಟ್ಟಿದ್ದಾರೆ. ಅದನ್ನು ಓದಿದವರ ಗಮನಕ್ಕೆ ಬರುವ ಒಂದು ಸಂಗತಿಯೆಂದರೆ, ಪರ ವಿರೋಧ ಎರಡೂ ಕಡೆಯ ವಾದಗಳು ಸ್ತ್ರೀಯನ್ನು ಕುರಿತವು, ಸ್ತ್ರೀಯವು ಒಂದೂ ಅಲ್ಲ. ಆಕೆ ವಸ್ತ್ರ ಬಿಡಬಹುದೇ ಬಾರದೇ ಎಂದು ಶತಮಾನಗಳ ಕಾಲ ಚರ್ಚಿಸಿದವರು ಗಂಡಸರು. ಅದರಲ್ಲಿಯೂ ಬಟ್ಟೆಯಿಲ್ಲದವರು ಹಲವರು.

ಇದನ್ನು ಅಕ್ಕನ ಮೇಲಿನ ಪ್ರಭಾವವೆಂದು ಕರೆಯುವ ಉದ್ದೇಶ ನಮಗಿಲ್ಲ. ಹೆಣ್ಣಿನ ಉಡುಗೆ ಮುಕ್ತಿಗೆ ತೊಡಕೋ ಅಲ್ಲವೋ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಾಗಿರಲಿಲ್ಲ ಎಂಬಷ್ಟೇ ಇಲ್ಲಿ ಹೇಳಬೇಕಾದುದು. ಉಡುತಡಿಯ ಸುತ್ತಿನ ಬನವಾಸಿ ಸೀಮೆಯಲ್ಲಂತೂ ಜೈನಮುನಿಗಳ ಸಂಚಾರ ದಿನನಿತ್ಯದ ನೋಟವಾಗಿತ್ತು. ಹೊಸದಾಗಿದ್ದುದು ಹೆಣ್ಣೊಬ್ಬಳು ಆ ಪ್ರಶ್ನೆಗೆ ತಾನೇ ಉತ್ತರ ಹೇಳುತ್ತಾಳೆಂಬುದು.

ಕಥನಗಳಲ್ಲಿ ಮೊದಲನೆಯದು ಹರಿಹರನ 'ಮಹಾದೇವಿಯಕ್ಕನ ರಗಳೆ'. ಅಕ್ಕನಿಗೆ ಕಾಲದಿಂದ ಅತಿ ಸಮೀಪದ ಕವಿ ಇವನು. ಇಲ್ಲಿ ಮಹಾದೇವಿಗೂ ಭವಿಯಾದ ಕೌಶಿಕರಾಜನಿಗೂ ಮದುವೆಯಾಗುತ್ತದೆ. ಮದುವೆಗೆ ಮೊದಲು ಆಕೆ ಹಾಕುವ ಕಟ್ಟಳೆಗಳ ತಿರುಳು ಒಂದೇ: ಶಿವಪೂಜೆಯಲ್ಲಿ, ಮಾಹೇಶ್ವರರ ಸಂಗದಲ್ಲಿ, ಗುರುಸೇವೆಯಲ್ಲಿ ತಾನು ತನ್ನ ಇಚ್ಛೆಯಂತೆ ಇರಬೇಕು. ರಾಜ ಒಪ್ಪುತ್ತಾನೆ, ಮುರಿಯುತ್ತಾನೆ. ಕೊನೆಯ ಬಾರಿ ಮುರಿಯುವಾಗ ವಿಷಯ ನೇರವಾಗಿ ಉಡುಗೆಗೆ ಬರುತ್ತದೆ. ಗುರು ಬಂದಿದ್ದಾನೆ, ಆಕೆ ಅವಸರದಿಂದ ಎದ್ದು ಸೀರೆಯನ್ನು ಸರಿಪಡಿಸಿಕೊಂಡು ಹೋಗಬೇಕು, ಕೌಶಿಕನು ಆಕೆಯ ಭಕ್ತಿಯನ್ನೇ ಹಂಗಿಸುತ್ತ ಅದನ್ನು ಸೆಳೆಯುತ್ತಾನೆ.

ಹರಿಹರನ ಈ ಸನ್ನಿವೇಶವನ್ನು ವಿಮರ್ಶಕರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಅದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಇಲ್ಲಿ ಮೊದಲು ಬಟ್ಟೆಗೆ ಕೈಹಾಕಿದವನು ಗಂಡ. ಇದು ಅರಮನೆಯ ಮಲಗುವ ಕೋಣೆಯಲ್ಲಿ ನಡೆದ ಬಲಾತ್ಕಾರ. ತ್ಯಾಗವೆಂದು ಇದನ್ನು ಕರೆಯಲು ನಾಲಗೆ ಹಿಂಜರಿಯುತ್ತದೆ. ಬಂಡಾಯದ ಚಿತ್ರಕ್ಕೂ ಇದು ಒಗ್ಗದು, ಸಾಧ್ವಿಯ ಚಿತ್ರಕ್ಕೂ ಒಗ್ಗದು. ಆದರೆ ಹರಿಹರನ ಪ್ರತಿಭೆ ಕೆಲಸ ಮಾಡಿರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಅವನು ಅವಮಾನ ಮಾಡಲೆಂದು ಎಳೆದದ್ದನ್ನು ಆಕೆ ಮರಳಿ ಬೇಡುವುದಿಲ್ಲ. ಅವಮಾನಕ್ಕೆ ಸಾಧನವಾದ ವಸ್ತುವನ್ನೇ ಅವನ ಕೈಯಲ್ಲಿ ಬಿಟ್ಟು ಆಕೆ ಹೊರಟುಹೋಗುತ್ತಾಳೆ. ಬಲವಂತದಿಂದ ಹುಟ್ಟಿದ ಸ್ಥಿತಿಯೊಂದನ್ನು ಇಚ್ಛೆಯಿಂದ ತನ್ನದಾಗಿಸಿಕೊಳ್ಳುವ ಬಗೆ ಇದು. ಇಂದಿನ ಮಾತಿನಲ್ಲಿ ಕೇಳುವುದಾದರೆ, ಇದು ಸ್ವಂತ ಆಯ್ಕೆಯೋ? ಆಯ್ಕೆಯೆಂದರೆ ಯಾವ ಒತ್ತಡವೂ ಇಲ್ಲದ ಬಯಲಿನಲ್ಲಿ ನಿಂತು ಮಾಡುವ ನಿರ್ಧಾರ ಎಂದು ಭಾವಿಸುವವರು ಅಲ್ಲವೆನ್ನಬೇಕಾಗುತ್ತದೆ. ಅಂಥ ಬಯಲು ಹರಿಹರನ ಕಾವ್ಯದಲ್ಲಿ ಯಾವ ಹೆಣ್ಣಿಗೂ ಸಿಕ್ಕಿಲ್ಲ. ಅವನ ಕಾವ್ಯದ ಹೊರಗೂ ಸಿಕ್ಕಿದ್ದು ಕಡಿಮೆ.

ಎರಡನೆಯ ಕಥನ ಹದಿನೈದನೆಯ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'. ಪ್ರೌಢದೇವರಾಯನ ಕಾಲದ ವೀರಶೈವ ಪುನರುತ್ಥಾನದ ನಡುವೆ ಹುಟ್ಟಿದ ಈ ಭಾಮಿನೀ ಷಟ್ಪದಿಯ ಕಾವ್ಯದಲ್ಲಿ ಮಹಾದೇವಿ ಪಾರ್ವತಿಯ ಸಾತ್ತ್ವಿಕ ಕಳೆಯಾಗಿ ಭೂಮಿಗೆ ಬಂದವಳು; ತಾಮಸ ಕಳೆ ಮಾಯೆಯಾಗಿ ಅವತರಿಸಿ ಅಲ್ಲಮನನ್ನು ಗೆಲ್ಲಲು ಯತ್ನಿಸಿ ಸೋಲುತ್ತದೆ. ಅವತಾರವಾದ ಮೇಲೆ ಭವಿಯೊಡನೆ ದಾಂಪತ್ಯವೆಂಬುದು ಸಲ್ಲದು. ಆದ್ದರಿಂದ ಇಲ್ಲಿ ಕೌಶಿಕನೊಡನೆ ಮದುವೆ ನಡೆಯುವುದೇ ಇಲ್ಲ. ಹರಿಹರನಿಂದ ಚಾಮರಸನಿಗೆ ಬರುವಷ್ಟರಲ್ಲಿ ಅಕ್ಕನ ಶೀಲ ಸುರಕ್ಷಿತವಾಯಿತು. ಅದಕ್ಕೆ ತೆತ್ತ ಬೆಲೆ ಆಕೆಯ ಸಂಕಟ. ದೇವಿಯ ಅಂಶಕ್ಕೆ ಬಟ್ಟೆ ಬಿಡುವುದೂ ಒಂದೇ, ಉಡುವುದೂ ಒಂದೇ. ಮಾನದ ಭಯವೇ ಇಲ್ಲದವಳಿಗೆ ಮಾನವನ್ನು ಮೀರುವ ಅಗತ್ಯವೂ ಇರುವುದಿಲ್ಲ. ಚಾಮರಸ ದೊಡ್ಡ ಕವಿ, ಅದರಲ್ಲಿ ಸಂದೇಹವಿಲ್ಲ. ಅಲ್ಲಮನ ಪಾತ್ರದಲ್ಲಿ ಅವನು ಸಾಧಿಸಿದ್ದನ್ನು ಕನ್ನಡದಲ್ಲಿ ಮತ್ತೊಬ್ಬರು ಸಾಧಿಸಿಲ್ಲ. ಆದರೆ ಉಡುಗೆಯ ಪ್ರಶ್ನೆಯನ್ನು ಅವನು ಪರಿಹರಿಸಿದ್ದು ಅದನ್ನು ಕೇಳುವ ಅಗತ್ಯವನ್ನೇ ತೆಗೆದುಹಾಕುವ ಮೂಲಕ.

ಮೂರನೆಯದು 'ಶೂನ್ಯಸಂಪಾದನೆ'. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ಕು ಪರಿಷ್ಕರಣಗಳಲ್ಲಿ ಬೆಳೆದ ಈ ಕೃತಿ ಬಿಡಿವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದ ನಾಟಕೀಯ ಗ್ರಂಥ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದನ್ನು ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಿರುವುದರಿಂದ ಕನ್ನಡ ಬಾರದ ಸಂಶೋಧಕರಿಗೂ ಇದು ಎಟುಕುತ್ತದೆ. ಆದರೂ ಅವರು ಇದನ್ನು ಬಳಸುವುದು ವಿರಳ. ಸಂಕಲನಗಳಲ್ಲಿ ಒಂಟಿಯಾಗಿ ಅಚ್ಚಾದ ವಚನವನ್ನು ಭಾವಗೀತೆಯಂತೆ ಓದುವ ಸುಖ ಈ ಸಂವಾದದಲ್ಲಿ ಸಿಗುವುದಿಲ್ಲ ಎಂಬುದು ಒಂದು ಕಾರಣವಿರಬಹುದು.

ಇಲ್ಲಿ ಅಕ್ಕ ಕಲ್ಯಾಣಕ್ಕೆ ಬರುತ್ತಾಳೆ. ಗೂಳೂರನ ಪರಿಷ್ಕರಣದಲ್ಲಿ ಮೊದಲು ಕಿನ್ನರಿ ಬೊಮ್ಮಯ್ಯ ಆಕೆಯನ್ನು ಪರೀಕ್ಷಿಸುತ್ತಾನೆ. ಅನಂತರ ಅನುಭವಮಂಟಪದಲ್ಲಿ ಅಲ್ಲಮಪ್ರಭು. ಪ್ರಭುವಿನ ಮೊದಲ ಪ್ರಶ್ನೆ ಗಂಡನ ಕುರುಹು ಯಾವುದೆಂಬುದು. ತುಂಬುಯೌವನದ ಹೆಣ್ಣು ಒಬ್ಬಳೇ ಶರಣರ ಸಭೆಗೆ ಏಕೆ ಬಂದಳು, ಪತಿಯ ಹೆಸರು ಹೇಳದಿದ್ದರೆ ಹಿಂದಿರುಗಬೇಕು ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಅಕ್ಕ ಚೆನ್ನಮಲ್ಲಿಕಾರ್ಜುನನೇ ತನ್ನ ಗಂಡನೆಂದು ನಿಲ್ಲುತ್ತಾಳೆ. ಮಾತು ಬೆಳೆದು ಉಡುಗೆಗೆ ಬರುತ್ತದೆ. ಇಲ್ಲಿ ನಾವು ಓದುಗರ ಗಮನವನ್ನು ವಿಶೇಷವಾಗಿ ಬೇಡುತ್ತೇವೆ. ಬತ್ತಲೆಯಾದುದೇಕೆ ಎಂದು ಅಲ್ಲಮ ಕೇಳುವುದಿಲ್ಲ. ದೇಹದ ಭ್ರಾಂತಿ ಹೋಗಿ ಸೀರೆಯನ್ನು ಬಿಟ್ಟವಳು ಕೂದಲಿನಿಂದ ಮರೆಮಾಡಿಕೊಂಡಿರುವುದೇಕೆ ಎಂಬುದು ಅವನ ಆಕ್ಷೇಪ. ಎಂದರೆ ಬಿಟ್ಟದ್ದಕ್ಕೆ ತಕರಾರಿಲ್ಲ; ಪೂರ್ತಿಯಾಗಿ ಬಿಡದಿದ್ದುದಕ್ಕೆ ತಕರಾರು. ಲೋಕ ಹೆಣ್ಣನ್ನು ಕೇಳುವುದು ಮುಚ್ಚಿಕೊಳ್ಳದಿದ್ದುದೇಕೆಂದು. ಜ್ಞಾನಿ ಕೇಳುತ್ತಿರುವುದು ಮುಚ್ಚಿಕೊಂಡದ್ದೇಕೆಂದು. ಎರಡೂ ಕಡೆ ಉತ್ತರ ಕೊಡಬೇಕಾದವಳು ಒಬ್ಬಳೇ.

ಅಕ್ಕನ ಉತ್ತರದಲ್ಲಿ ಮೂರು ಭಾಗಗಳಿವೆ. ಮೊದಲು ಹಣ್ಣು ಮತ್ತು ಸಿಪ್ಪೆಯ ಹೋಲಿಕೆ: ಒಳಗು ಮಾಗದೆ ಹೊರಗಿನದು ತನ್ನ ಕಳೆಯನ್ನು ಕಳೆದುಕೊಳ್ಳದೆಂಬ ಆಶಯ. ಅನಂತರ, ತನ್ನ ಮೈಯ ಕಾಮದ ಕುರುಹನ್ನು ಕಂಡು ಅವರಿಗೆ ನೋವಾಗಬಾರದೆಂಬ ಭಾವದಿಂದ ಮುಚ್ಚಿಕೊಂಡೆನೆಂಬ ವಿವರಣೆ. ಕೊನೆಗೆ, ದೇವರ ದೇವನೊಳಗಿರುವ ತನ್ನನ್ನು ಇನ್ನು ಕಾಡಬೇಡಿರೆಂಬ ಮಾತು. ವ್ಯಾಖ್ಯಾನಕಾರರು ಹೆಚ್ಚಾಗಿ ಮೊದಲ ಭಾಗಕ್ಕೆ ಒತ್ತುಕೊಟ್ಟು, ತನ್ನ ಸಾಧನೆ ಇನ್ನೂ ಮಾಗಿಲ್ಲವೆಂದು ಆಕೆ ವಿನಯದಿಂದ ಒಪ್ಪಿಕೊಂಡಳೆಂದು ಅರ್ಥೈಸುತ್ತಾರೆ. ಈ ಅರ್ಥಕ್ಕೆ ಆಸ್ಪದವಿಲ್ಲವೆನ್ನುವಂತಿಲ್ಲ. ಆದರೆ ಯಾರ ಒಳಗು ಮಾಗಬೇಕು ಎಂಬುದನ್ನು ಆ ಹೋಲಿಕೆ ಹೇಳುವುದಿಲ್ಲ. ಎರಡನೆಯ ಭಾಗವನ್ನು ಕೂಡಿಸಿ ಓದಿದಾಗ ಬೊಟ್ಟು ಇನ್ನೊಂದು ಕಡೆಗೆ ತಿರುಗುತ್ತದೆ. ನೋವಾಗುವುದು ನೋಡುವವರಿಗೆ, ಆಕೆಗಲ್ಲ. ಮಾಗಬೇಕಾದುದು ಸಭೆಯ ಕಣ್ಣು. ಅದು ಮಾಗುವವರೆಗೆ ಆಕೆ ಅವರ ಮೇಲಿನ ಕರುಣೆಯಿಂದ, ಒಂದು ಬಗೆಯ ಸೌಜನ್ಯದಿಂದ, ಮರೆಮಾಡಿಕೊಂಡಿದ್ದಾಳೆ. ಮಾನವೆಂಬುದನ್ನು ಹೆಣ್ಣಿನ ಮೈಯಿಂದ ಎತ್ತಿ ನೋಡುವವನ ಕಣ್ಣಿಗೆ ಹೊರಿಸಿದ ಮಾತು ಮಧ್ಯಕಾಲೀನ ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮೂರನೆಯ ಭಾಗವನ್ನಂತೂ ವಿಮರ್ಶೆ ಪೂರ್ತಿಯಾಗಿ ಮರೆತಿದೆ. ಅದು ಪ್ರಶ್ನೆಗೆ ಕೊಟ್ಟ ಉತ್ತರವಲ್ಲ. ಪ್ರಶ್ನೆ ಕೇಳುವ ಅಧಿಕಾರದ ಮೇಲಿನ ಆಕ್ಷೇಪ. ಉತ್ತರ ಕೊಟ್ಟ ಮೇಲೆಯೂ ಆಕೆ ಉತ್ತರ ಕೊಡಬೇಕಾದ ಋಣವನ್ನು ಒಪ್ಪುವುದಿಲ್ಲ. ಆಕೆ ಶಾಸ್ತ್ರವನ್ನು ಉದ್ಧರಿಸುವುದಿಲ್ಲ ಎಂಬುದನ್ನೂ ನೋಡಬೇಕು. ಬಟ್ಟೆ ಬಿಡಲು ಯಾವ ಆಗಮದ ವಿಧಿಯನ್ನು ಆಕೆ ತೋರಿಸಲಿಲ್ಲವೋ, ಕೂದಲು ಹೊದೆಯಲೂ ಹಾಗೆಯೇ ಯಾವ ವಿಧಿಯನ್ನೂ ತೋರಿಸುವುದಿಲ್ಲ. ಆಕೆಯ ಮಾತೇ ಆಧಾರ. ಮುಂದೆ ಮತ್ತಷ್ಟು ವಾದ ನಡೆದು ಸಭೆ ಆಕೆಯ ನಿಲವನ್ನು ಒಪ್ಪಿಕೊಳ್ಳುತ್ತದೆ. ಬಸವಣ್ಣ, ಚೆನ್ನಬಸವಣ್ಣ ಮೊದಲಾದವರು ಆಕೆಯನ್ನು ಹಿರಿದಾಗಿ ಕೊಂಡಾಡುತ್ತಾರೆ. ಆ ಒಪ್ಪಿಗೆ ನಿಂತಿರುವುದು ಆಕೆಯ ನುಡಿಯ ಮೇಲೆ.

ಹೀಗೆಂದು ಶೂನ್ಯಸಂಪಾದನೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಈ ಸಂವಾದ ನಡೆದ ಘಟನೆಯ ವರದಿಯಲ್ಲ. ಅಕ್ಕನಿಗಿಂತ ಮೂರು ಶತಮಾನಗಳಷ್ಟು ಈಚೆಗೆ ವಿರಕ್ತ ಪರಂಪರೆಯ ಗಂಡಸರು ವಚನಗಳನ್ನು ಆಯ್ದು ಹೆಣೆದದ್ದು. ಇಂಥ ಹೆಣಿಗೆಯಲ್ಲಿ ಬೇರೆ ಬೇರೆ ಸಂದರ್ಭಗಳ ವಚನಗಳು ಪ್ರಶ್ನೆ ಉತ್ತರಗಳಾಗಿ ಕೂಡಿಕೊಳ್ಳುವುದು ಸಹಜ. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಮಂಟಪಕ್ಕೆ ಬಂದ ಶರಣರಲ್ಲಿ ಪರೀಕ್ಷೆಗೊಳಗಾದವರು ಹಲವರಿದ್ದಾರೆ. ಸಿದ್ಧರಾಮ, ಮರುಳಶಂಕರದೇವ, ಸ್ವತಃ ಬಸವಣ್ಣ ಕೂಡ ಅಲ್ಲಮನ ನಿಷ್ಠುರ ಮಾತುಗಳನ್ನು ಕೇಳಿದವರೇ. ಆದರೆ ಸಿದ್ಧರಾಮನನ್ನು ಕೇಳಿದ್ದು ಅವನು ಕಟ್ಟಿದ ಕೆರೆ ದೇಗುಲಗಳ ಬಗೆಗೆ. ಮೈಯ ಲೆಕ್ಕ ಒಪ್ಪಿಸಬೇಕಾದುದು ಅಕ್ಕನೊಬ್ಬಳೇ. ಮೈಯ ಗುರುತುಗಳಿಂದ ಹೆಣ್ಣು ಗಂಡು ಎಂದು ಕರೆಯುವ ಲೋಕದ ರೂಢಿಯನ್ನು ಜೇಡರ ದಾಸಿಮಯ್ಯ ಪ್ರಶ್ನಿಸಿದ್ದನ್ನು ಬಲ್ಲ ಪರಂಪರೆಯೇ ಹೀಗೆ ಹೆಣೆದಿದೆ.

ಈ ಹಿನ್ನೆಲೆಯಲ್ಲಿ ಆಧುನಿಕ ಓದುಗಳಿಗೆ ಬರೋಣ. ರಾಮಾನುಜನ್ ತಮ್ಮ ಪ್ರಸ್ತಾವನೆಯಲ್ಲಿ ಉಡುಗೆ ಮತ್ತು ಲಜ್ಜೆಗಳನ್ನು ಪುರುಷಲೋಕಕ್ಕೆ ಹೆಣ್ಣು ಕೊಡುವ ಕೊನೆಯ ರಿಯಾಯಿತಿಗಳೆಂದು ಕಂಡು, ಅವನ್ನು ಅಕ್ಕ ಬಿಟ್ಟದ್ದನ್ನು ಸಾಮಾಜಿಕ ಧಿಕ್ಕಾರದ ಪರಮಾವಧಿಯೆಂದು ಬಗೆಯುತ್ತಾರೆ. ಕೂದಲನ್ನು ಅವರು ಹೇಳದೆ ಬಿಟ್ಟಿಲ್ಲ; ಆದರೆ ಅದು ಅವರಲ್ಲಿ ಒಂದು ದೃಶ್ಯವಿವರವಾಗಿ ಉಳಿಯುತ್ತದೆ, ವಾದದೊಳಗೆ ಬರುವುದಿಲ್ಲ. ರಿಯಾಯಿತಿಯೇ ಇಲ್ಲವೆಂದಾದರೆ ಕೂದಲಿನ ಮರೆ ಏನು? ಅಕ್ಕನ ಮಾತಿನಂತೆಯೇ ಅದು ನೋಡುವವರಿಗೆ ಕೊಟ್ಟ ರಿಯಾಯಿತಿ. ಆದರೆ ಮೇಲಿನಿಂದ ಕೆಳಕ್ಕೆ, ಬಲ್ಲವಳು ಬಲ್ಲದವರಿಗೆ ಕೊಟ್ಟದ್ದು. ವಿಜಯಾ ರಾಮಸ್ವಾಮಿಯವರು ೧೯೯೭ರ 'ವಾಕಿಂಗ್ ನೇಕೆಡ್' ಗ್ರಂಥದಲ್ಲಿ ದಕ್ಷಿಣ ಭಾರತದ ಸ್ತ್ರೀಸಂತರನ್ನು ಒಟ್ಟಿಗೆ ತಂದು ನೋಡಿದ್ದು ದೊಡ್ಡ ಉಪಕಾರ. ಕಾರೈಕ್ಕಾಲ್ ಅಮ್ಮೈಯಾರ್ ಬಟ್ಟೆಯನ್ನಲ್ಲ, ಮೈಯ ಮಾಂಸವನ್ನೇ ಕಳಚಿ ಪೇಯ್ ರೂಪವನ್ನು ಬೇಡಿಕೊಂಡ ಕಥೆಯನ್ನು ಅಕ್ಕನ ಕಥೆಯ ಪಕ್ಕದಲ್ಲಿಟ್ಟಾಗ, ನೋಟದಿಂದ ಪಾರಾಗುವ ಎರಡು ಬೇರೆ ದಾರಿಗಳು ಕಾಣುತ್ತವೆ. ಗ್ರಂಥದ ಹೆಸರಿನಲ್ಲಿಯೇ ನಗ್ನತೆ ನಿಂತುಬಿಟ್ಟದ್ದರಿಂದ, ಅದನ್ನು ಹೆಸರಿನಷ್ಟಕ್ಕೇ ಓದಿದವರು ಮರೆಯ ಪ್ರಶ್ನೆಯನ್ನು ಬಿಟ್ಟುಬಿಡುತ್ತಾರೆ.

ಕಾಶ್ಮೀರದ ಲಲ್ಲೇಶ್ವರಿಯ ಕಥೆಯನ್ನೂ ಇಲ್ಲಿ ನೆನೆಯಬಹುದು. ಹದಿನಾಲ್ಕನೆಯ ಶತಮಾನದ ಈ ಯೋಗಿನಿ ಬಟ್ಟೆಯ ಹಂಗಿಲ್ಲದೆ ತಿರುಗುತ್ತಿದ್ದಳೆಂದೂ, ಸೂಫಿ ಸಂತ ಹಮದಾನಿಯನ್ನು ಕಂಡೊಡನೆ ಕೊನೆಗೂ ಒಬ್ಬ ಗಂಡಸನ್ನು ಕಂಡೆನೆಂದು ರೊಟ್ಟಿಗಾರನ ಒಲೆಗೆ ಹಾರಿ ದಿವ್ಯವಸ್ತ್ರವುಟ್ಟು ಹೊರಬಂದಳೆಂದೂ ಐತಿಹ್ಯ. ಲಲ್ಲಾ ಮರೆಮಾಡಿಕೊಳ್ಳುವುದು ನೋಡಲು ಅರ್ಹನಾದವನ ಎದುರಿಗೆ. ಅಕ್ಕ ಮರೆಮಾಡಿಕೊಳ್ಳುವುದು ಇನ್ನೂ ಅರ್ಹರಾಗದವರ ಎದುರಿಗೆ. ಉಡುವುದಕ್ಕೂ ಬಿಡುವುದಕ್ಕೂ ಒಂದೇ ಅರ್ಥವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ವಚನ ವಿಮರ್ಶೆ ಸಾಕಷ್ಟು ಗಮನಿಸಿಲ್ಲ. ಅಕ್ಕ ಬಟ್ಟೆಯನ್ನು ಬಿಟ್ಟಳು. ಕರಸ್ಥಲದ ಲಿಂಗವನ್ನು ಬಿಡಲಿಲ್ಲ. ಇಷ್ಟಲಿಂಗ, ವಿಭೂತಿ, ರುದ್ರಾಕ್ಷಿಗಳು ಮೈಮೇಲೆ ಧರಿಸುವ ಧಾರ್ಮಿಕ ಚಿಹ್ನೆಗಳು. ಶರಣರ ಭಾಷೆಯಲ್ಲಿ ಲಾಂಛನ. ಅದರ ಬಗೆಗೆ ವಚನಕಾರರಲ್ಲಿ ಎರಡು ಮನಸ್ಸಿತ್ತು. ವೇಷಧಾರಿಗಳನ್ನು ಅವರು ಕಟುವಾಗಿ ನಿಂದಿಸಿದರು. ಅದೇ ಕಾಲಕ್ಕೆ ಲಾಂಛನ ಕಂಡಲ್ಲಿ ತಲೆಬಾಗಬೇಕೆಂದೂ ಹೇಳಿದರು. ಹೀಗಿರುವಲ್ಲಿ ಅಕ್ಕನನ್ನು ಧಾರ್ಮಿಕ ಉಡುಗೆಯ ವಿರೋಧಿಯೆಂದು ನಿಲ್ಲಿಸುವುದು ಪಠ್ಯಕ್ಕೆ ಅನ್ಯಾಯ. ರಾಜನಿಂದ ಬಂದದ್ದನ್ನು ಆಕೆ ಬಿಟ್ಟಳು, ಗುರುವಿನಿಂದ ಬಂದದ್ದನ್ನು ಇರಿಸಿಕೊಂಡಳು. ಯಾವುದನ್ನು ಬಿಡಬೇಕು, ಯಾವುದನ್ನು ಇರಿಸಿಕೊಳ್ಳಬೇಕು ಎಂಬ ವಿವೇಚನೆ ಆಕೆಯದು.

ಈ ವಿವೇಚನೆಯ ಅವಕಾಶವೇ ಇಲ್ಲದ ಕಡೆ ಅಕ್ಕನನ್ನು ಕರೆತರುವುದು ಅಪಾಯಕರ. ಅಕ್ಕನ ಊರಿರುವ ಶಿಕಾರಿಪುರ ತಾಲ್ಲೂಕಿಗೆ ಹೊಂದಿಕೊಂಡ ಸೊರಬ ತಾಲ್ಲೂಕಿನಲ್ಲಿ ಚಂದ್ರಗುತ್ತಿಯ ರೇಣುಕಾಂಬೆಯ ಗುಡಿಯಿದೆ. ವರದಾ ನದಿಯಲ್ಲಿ ಮಿಂದು ಹರಕೆ ಹೊತ್ತವರು ಬತ್ತಲೆಯಾಗಿ ಗುಡ್ಡದ ಮೇಲಿನ ಗುಡಿಗೆ ಹೋಗುವ ಬೆತ್ತಲೆ ಸೇವೆ ಅಲ್ಲಿ ನಡೆಯುತ್ತಿತ್ತು. ೧೯೮೬ರ ಮಾರ್ಚಿಯಲ್ಲಿ ಅದನ್ನು ತಡೆಯಲು ಹೋದ ದಲಿತ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆ ನಡೆದು, ಅವರಲ್ಲಿ ಕೆಲವರ ಬಟ್ಟೆಯನ್ನೇ ಕಳಚಿಸಲಾಯಿತು. ಅನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಹರಕೆ ಹೊತ್ತವರಲ್ಲಿ ದಲಿತ ಮತ್ತು ಹಿಂದುಳಿದ ಜಾತಿಗಳ ಬಡ ಹೆಂಗಸರು ಬಹಳ ಮಂದಿ. ಸುತ್ತ ನೆರೆದು ನೋಡಿದವರು ಬೇರೆ. ಅಲ್ಲಿ ಭಕ್ತೆಯ ಇಚ್ಛೆಯಿರಲಿಲ್ಲವೆಂದು ದೂರದಿಂದ ಹೇಳುವುದು ಅಹಂಕಾರವಾದೀತು. ಆದರೆ ಹರಕೆ ಮುರಿದರೆ ದೇವಿ ಮುನಿಯುವಳೆಂಬ ಭಯ, ಜಾತಿಯ ಕಟ್ಟು, ನೋಡುಗರ ಸಂತೆ ಇವು ಮೂರೂ ಇದ್ದ ಕಡೆ, ಅಕ್ಕನೂ ಹೀಗೆ ಇದ್ದಳಲ್ಲ ಎಂದು ಆಕೆಯನ್ನು ಸಮರ್ಥನೆಗೆ ಎಳೆಯುವವರು ಅಕ್ಕನ ಉತ್ತರದ ಎರಡನೆಯ ಭಾಗವನ್ನು ಓದಿದವರಲ್ಲ. ನೋಡುವ ಕಣ್ಣಿನ ಲೆಕ್ಕವನ್ನು ಚಂದ್ರಗುತ್ತಿಯಲ್ಲಿ ಯಾರೂ ಕೇಳಿರಲಿಲ್ಲ.

ಈಗ ವಿದ್ಯಾರ್ಥಿಗಳ ಪ್ರಶ್ನೆ. ೨೦೨೨ರ ಫೆಬ್ರವರಿ ೫ರ ಸರ್ಕಾರಿ ಆದೇಶ ಸಮವಸ್ತ್ರವನ್ನು ಕಡ್ಡಾಯ ಮಾಡಿತು. ಮಾರ್ಚ್ ೧೫ರಂದು ಕರ್ನಾಟಕ ಉಚ್ಚ ನ್ಯಾಯಾಲಯ, ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಧಾರ್ಮಿಕ ಆಚರಣೆಯಲ್ಲವೆಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ ೧೩ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗ��ನ್ನಿತ್ತರು. ಹೇಮಂತ್ ಗುಪ್ತಾ ಅವರು ಉಚ್ಚ ನ್ಯಾಯಾಲಯದ ನಿಲುವನ್ನು ಒಪ್ಪಿದರು. ಸುಧಾಂಶು ಧೂಲಿಯಾ ಅವರು ಅತ್ಯಗತ್ಯ ಆಚರಣೆಯ ಪರೀಕ್ಷೆಯೇ ಇಲ್ಲಿ ಬೇಕಿರಲಿಲ್ಲವೆಂದೂ ಇದು ಕೊನೆಗೆ ಆಯ್ಕೆಯ ವಿಷಯವೆಂದೂ ಬರೆದರು. ಈ ಪರೀಕ್ಷೆಯ ಮೂಲ ೧೯೫೪ರ ತೀರ್ಪೊಂದರಲ್ಲಿದೆ. ಅದು ಉಡುಪಿಯ ಶಿರೂರು ಮಠದ ಮೊಕದ್ದಮೆಯೆಂಬುದು ಕನ್ನಡಿಗರಿಗೆ ನೆನಪಿರಬೇಕಾದ ಸಂಗತಿ.

ಕಾನೂನಿನ ಗುಣದೋಷಗಳನ್ನು ತೂಗುವುದು ಸಾಹಿತ್ಯದ ಅಧ್ಯಾಪಕರ ಕೆಲಸವಲ್ಲ. ಓದುವ ವಿಧಾನದ ಬಗೆಗೆ ಮಾತ್ರ ನಾವು ಹೇಳಬಲ್ಲೆವು. ಅತ್ಯಗತ್ಯತೆಯ ಪರೀಕ್ಷೆ ಗ್ರಂಥವನ್ನು ಕೇಳುತ್ತದೆ: ಇದನ್ನು ವಿಧಿಸಲಾಗಿದೆಯೇ? ಗ್ರಂಥ ವಿಧಿಸಿದ್ದರೆ ಧರಿಸಿದವಳ ಮಾತು ಬೇಕಾಗಿಲ್ಲ. ವಿಧಿಸದಿದ್ದರೆ ಆಕೆಯ ಮಾತಿಗೆ ಬೆಲೆಯಿಲ್ಲ. ಎರಡು ರೀತಿಯಲ್ಲಿಯೂ ಆಕೆ ಮೂಕಳು. ಈ ಪರೀಕ್ಷೆಯ ಮುಂದೆ ಅಕ್ಕನನ್ನು ನಿಲ್ಲಿಸಿದರೆ ಆಕೆ ಎರಡು ಬಾರಿ ಸೋಲುತ್ತಾಳೆ. ಬಟ್ಟೆ ಬಿಟ್ಟದ್ದಕ್ಕೂ ವಿಧಿಯಿಲ್ಲ, ಕೂದಲು ಹೊದ್ದದ್ದಕ್ಕೂ ವಿಧಿಯಿಲ್ಲ. ಅಲ್ಲಮನ ಸಭೆ ಎಷ್ಟೇ ನಿಷ್ಠುರವಾಗಿದ್ದರೂ ಅಲ್ಲಿ ಕೇಳಿದ್ದು ಆಕೆಯನ್ನು, ಕೇಳಿಸಿಕೊಂಡದ್ದು ಆಕೆಯ ಉತ್ತರವನ್ನು.

ಆಯ್ಕೆ ಎಂಬ ಪದವೊಂದರಿಂದಲೇ ಎಲ್ಲವೂ ಬಗೆಹರಿಯುತ್ತದೆಂದು ಇದರ ಅರ್ಥವಲ್ಲ. ಹದಿನಾರು ಹದಿನೇಳರ ಹುಡುಗಿಯ ಇಚ್ಛೆಯಲ್ಲಿ ಮನೆಯ ಮಾತೆಷ್ಟು, ಬೀದಿಯ ಭಯವೆಷ್ಟು, ಗೆಳತಿಯರ ಹಟವೆಷ್ಟು, ಸ್ವಂತದ್ದೆಷ್ಟು ಎಂದು ಅಳೆಯುವ ತಕ್ಕಡಿ ಯಾರಲ್ಲಿಯೂ ಇಲ್ಲ. ಹರಿಹರನನ್ನು ಓದಿದವರಿಗೆ ಇದು ಹೊಸದೆನಿಸದು. ಕೌಶಿಕನ ಕೈ ತಾಗಿದ ಮಾತ್ರಕ್ಕೆ ಅಕ್ಕನ ನಿರ್ಧಾರ ಅಕ್ಕನದಲ್ಲವಾಗಲಿಲ್ಲ. ಅದೇ ಉದಾರತೆಯನ್ನು ತಲೆವಸ್ತ್ರ ಹೊದ್ದ ಹುಡುಗಿಗೆ ತೋರಿಸಲು ನಾವು ಏಕೆ ಹಿಂಜರಿಯಬೇಕು? ಹಾಗೆಯೇ ಮನೆಯವರ ಮಾತನ್ನು ಮೀರಿ ಅದನ್ನು ತೆಗೆದಿರಿಸುವವಳಿಗೆ, ಎಂದರೆ ಆಕೆಯ ಸುತ್ತ ನೆರೆದ ಸಭೆ ನ್ಯಾಯಾಲಯಕ್ಕಿಂತ ಕಠಿನವಾಗಿರುವವಳಿಗೆ, ಅದೇ ಮಾತು ಸಲ್ಲಬೇಕು. ಅಕ್ಕನನ್ನು ಕೊಂಡಾಡುವವರು ಒಬ್ಬಳಿಗೆ ಸಲ್ಲಿಸಿ ಇನ್ನೊಬ್ಬಳಿಗೆ ನಿರಾಕರಿಸಿದರೆ, ಅವರು ಕೊಂಡಾಡುತ್ತಿರುವುದು ಬತ್ತಲೆಯನ್ನೋ ಮರೆಯನ್ನೋ ಹೊರತು ಅಕ್ಕನನ್ನಲ್ಲ.

ಕೊನೆಯದಾಗಿ ಹೊರನಾಡಿನ ಸಂಶೋಧಕರಿಗೆ ಒಂದು ಸೂಚನೆ. ಚಾಮರಸನ ಕಾವ್ಯವನ್ನು ಪಿಡುಪರ್ತಿ ಸೋಮನಾಥ ತೆಲುಗಿಗೂ, ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳು ತಮಿಳಿಗೂ ತಂದಿದ್ದಾರೆ. ಆ ಎರಡು ಭಾಷೆಗಳಲ್ಲಿ ಅಕ್ಕ ಪರಿಚಿತಳಾದುದು ಬಹುಮಟ್ಟಿಗೆ ಈ ದಾರಿಯಿಂದ. ಹರಿಹರನ ನೊಂದ ಅಕ್ಕನಾಗಲಿ ಶೂನ್ಯಸಂಪಾದನೆಯ ಉತ್ತರ ಕೊಡುವ ಅಕ್ಕನಾಗಲಿ ಗಡಿ ದಾಟಿದ್ದು ಕಡಿಮೆ. ಶ್ರೀಶೈಲ ಇಂದು ಆಂಧ್ರಪ್ರದೇಶದಲ್ಲಿದೆ. ಅಕ್ಕನ ಕಡೆಯ ಪಯಣ ಕನ್ನಡ ನಾಡಿನಿಂದ ಆಚೆಗೇ ಆಯಿತು. ಉಡುಗೆಯ ಪ್ರಸಂಗವನ್ನು ಆ ಇಬ್ಬರು ಕವಿಗಳು ಹೇಗೆ ನಿರ್ವಹಿಸಿದ್ದಾರೆ, ಕೂದಲಿನ ಮರೆಗೆ ಅವರಲ್ಲಿ ಕಾರಣವನ್ನು ಯಾರು ಹೇಳುತ್ತಾರೆ, ಅಕ್ಕನೋ ಕವಿಯೋ ಎಂಬುದನ್ನು ಮೂಲದೊಡನೆ ಪದ್ಯ ಪದ್ಯಕ್ಕೆ ಹೋಲಿಸಿ ನೋಡಬೇಕಾಗಿದೆ. ಹೈದರಾಬಾದ್, ಚೆನ್ನೈಗಳಲ್ಲಿದ್ದು ಎರಡೂ ಭಾಷೆಗಳನ್ನು ಬಲ್ಲವರಿಗೆ ಈ ಕೆಲಸ ಹತ್ತಿರದ್ದು.